ಬರ್ತೀನಿ ಅಂದವರ ಸೀಟು

ಮಿಡಚಿಗೆ ಮಾತು ಕಲಿಸಿದವನು ನಾನು. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಆದ ತಪ್ಪಿನ ಬೇರು ಅಲ್ಲಿರುವುದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮಿಡಚಿ ಎಂದರೆ ಎರಡೇ ಸೀಟಿನ ಸಣ್ಣ ವಿಮಾನ. ಸರಕಾರಿ ಕಾಗದದಲ್ಲಿ ಅದಕ್ಕೊಂದು ನಂಬರು ಇದೆ, ಅದನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ಕೃಷ್ಣಾ ಹೊಳೆಯ ನಡುಗಡ್ಡೆಯ ಜನ ಅದು ಇಳಿಯುವುದನ್ನು ಮೊದಲ ಸಲ ನೋಡಿದಾಗಲೇ ಮಿಡಚಿ, ಅಂದರೆ ಮಿಡತೆ, ಎಂದರು, ಯಾಕೆಂದರೆ ಅದು ನೆಲ ಮುಟ್ಟಿದ ಮೇಲೆ ಎರಡು ಸಲ ಕುಪ್ಪಳಿಸಿಯೇ ನಿಲ್ಲುವುದು. ರೆಕ್ಕೆಗೆ ಬಟ್ಟೆ ಬಿಗಿದಿದ್ದಾರೆ. ಗಾಲಿ ಟ್ರ್ಯಾಕ್ಟರಿನ ಮುಂಗಾಲಿಯಷ್ಟು ದಪ್ಪ. ನೂರಿಪ್ಪತ್ತು ಹೆಜ್ಜೆ ಗಟ್ಟಿ ನೆಲ ಸಿಕ್ಕರೆ ಇಳಿಯುತ್ತದೆ, ಅಷ್ಟರಲ್ಲೇ ಏಳುತ್ತದೆ. ಅದನ್ನು ನಡೆಸುವವರಿಲ್ಲ, ತಾನೇ ಹಾರುತ್ತದೆ. ಒಂದರ ಹಿಂದೊಂದು ಎರಡು ಸೀಟು, ಎರಡರಲ್ಲೂ ಕೂಡುವವರು ಹೋಗಿ ಬರುವವರೇ.

ನಮ್ಮ ತಾಲೂಕಿನ ಹೊಳೆಯಲ್ಲಿ ಜನ ಇರುವ ಗಡ್ಡಿಗಳು ನಾಲ್ಕು. ಎಲ್ಲಕ್ಕಿಂತ ದೂರದ್ದು ನೀರಲಗಡ್ಡಿ, ನಲವತ್ತು ಮನೆ. ಮೇಲೆ ಮಳೆಯಾಗಿ ಹೊಳೆ ತುಂಬಿತೆಂದರೆ ಹರಿಗೋಲು ಹಾಕುವುದಕ್ಕೆ ಬರುವುದಿಲ್ಲ, ಎರಡು ಮೂರು ತಿಂಗಳು ಆ ಜನಕ್ಕೆ ಹೊರಗಿನ ನೆಲವೇ ಇಲ್ಲ. ಅಂಥ ದಿನಗಳಿಗಾಗಿ ಮಿಡಚಿ ಬಂತು. ಸೋಮವಾರ ಮಾಸ್ತರನ್ನು ಒಯ್ಯುತ್ತದೆ, ಶನಿವಾರ ಕರೆತರುತ್ತದೆ. ಲಸಿಕೆಯ ಡಬ್ಬಿ, ಪರೀಕ್ಷೆಯ ಪತ್ರಿಕೆ, ಕುರಿಗೆ ಔಷಧ. ಹಾವು ಕಡಿದವರನ್ನು ಹದಿನೆಂಟು ನಿಮಿಷದಲ್ಲಿ ತಾಲೂಕು ಆಸ್ಪತ್ರೆಗೆ ತಂದು ಇಳಿಸಿದ್ದಿದೆ. ಒಮ್ಮೆ ಒಬ್ಬ ಮದುವಣಗಿತ್ತಿ ಟ್ರಂಕು ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದು, ಟ್ರಂಕು ಮುಂದಿನ ಸೀಟಿನಲ್ಲಿ, ತಾನು ಹಿಂದಿನ ಸೀಟಿನಲ್ಲಿ ಕೂತು ಹೋದಳು. ಮದುವೆ ಗಂಡು ಹೊಳೆ ಇಳಿದ ಮೇಲೆ ನಡೆದು ಹೋದ.

ನಾನು ಮೊದಲು ಬಜಾರದಲ್ಲಿ ರೇಡಿಯೊ, ಮಿಕ್ಸರು ರಿಪೇರಿ ಮಾಡುತ್ತಿದ್ದೆ. ಆಸ್ಪತ್ರೆಯ ಹಿಂದೆ, ಹಳೆಯ ಎಕ್ಸ್‌ರೇ ಕೋಣೆಯಲ್ಲಿ ಮಿಡಚಿಯ ನಿಯಂತ್ರಣ ಕೋಣೆ ಮಾಡಿದಾಗ ಇಂಜಿನಿಯರುಗಳಿಗೆ ಒಬ್ಬ ಸ್ಥಳೀಯ ಬೇಕಾಯಿತು. ಗಡ್ಡಿಯಲ್ಲಿ ಓದು ಬಾರದವರೇ ಹೆಚ್ಚು, ಗುಂಡಿ ಒತ್ತು, ಕಾರ್ಡು ತೋರಿಸು ಎಂದರೆ ನಡೆಯುವುದಿಲ್ಲ. ಮಾತಾಡಿದರೆ ತಿಳಿಯಬೇಕು, ಮಾತಾಡಿಯೇ ಉತ್ತರ ಕೊಡಬೇಕು. ಗಡ್ಡಿಯವರ ಮಾತು ಬಲ್ಲವನು ಎಂದು ಯಾರೋ ನನ್ನ ಹೆಸರು ಹೇಳಿದರು. ಹೀಗೆ ರಿಪೇರಿ ಮೌಲಾಸಾಬ ವಿಮಾನದ ಮಾಸ್ತರನಾದ.

ಮಾತು ಕಲಿಸುವುದು ಒಂದು ದೊಡ್ಡ ತಮಾಷೆ. ಹತ್ತಿದವರ ತೂಕ ನೋಡದೆ ಮಿಡಚಿ ಏಳುವಂತಿಲ್ಲ. ಅದು ಮೊದಮೊದಲು ತೂಕವನ್ನು ಗಟ್ಟಿಯಾಗಿ ಕೂಗಿ ಹೇಳುತ್ತಿತ್ತು. 'ಎಪ್ಪತ್ತೊಂದು ಕಿಲೊ' ಎಂದು ಊರ ಮುಂದೆ ಕೂಗಿಸಿಕೊಂಡ ಹೆಂಗಸು ಮತ್ತೆ ಹತ್ತಲಿಲ್ಲ. ಆಮೇಲೆ ಬರೀ 'ಸರಿ ಐತಿ' ಎನ್ನುವುದನ್ನು ಕಲಿಸಿದೆ.

ಇನ್ನೊಂದು ಫಜೀತಿ ಹೊರಡುವ ಮಾತಿನದು. ನಮ್ಮ ಕಡೆ ಮನೆಯಿಂದ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ. ಅದು ಅಪಶಕುನದ ಮಾತು. ಬರ್ತೀನಿ ಎನ್ನುತ್ತಾರೆ. ನಮ್ಮ ಮನೆಯಲ್ಲೂ ಅಷ್ಟೆ, ಬಾಗಿಲು ದಾಟುವಾಗ 'ಆತೂಂ' ಎಂದೇ ಹೇಳುವುದು, ಬರುತ್ತೇನೆ ಅಂತ. ಮಿಡಚಿಗೆ ಇದು ತಿಳಿಯಲಿಲ್ಲ. ಜ್ವರದ ಮುದುಕನನ್ನು ಕೂರಿಸಿಕೊಂಡು, ಅವನು ಮಗಳಿಗೆ 'ಬರ್ತೀನಿ ಬೇ' ಎಂದದ್ದನ್ನು ಕೇಳಿ, ಯಾರೋ ಬರುತ್ತೇನೆ ಎಂದಿದ್ದಾರೆಂದು ಅರ್ಧ ತಾಸು ಕಾಯುತ್ತ ನಿಂತಿತ್ತು. ಅದಕ್ಕೆ ನಾನು ಹೀಗೆ ಬರೆದುಕೊಟ್ಟೆ: ಹತ್ತುವಾಗ ಬರ್ತೀನಿ ಎಂದರೆ, ಈಗ ಹೋಗುತ್ತಾರೆ, ಆಮೇಲೆ ವಾಪಸು ಬರುತ್ತಾರೆ.

ಅಷ್ಟೇ ಆಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮೊದಲ ವರ್ಷ ಒಂದು ಅನ್ಯಾಯ ನಡೆಯಿತು. ಗಡ್ಡಿಯ ರೋಗಿಗಳು ಆಸ್ಪತ್ರೆಗೆ ಬರುವಾಗ ಸೀಟು ಇರುತ್ತಿತ್ತು. ಗುಣವಾಗಿ ವಾಪಸು ಹೋಗುವಾಗ ಸೀಟಿನಲ್ಲಿ ಸರ್ವೆಯವರು, ಫೋಟೊ ತೆಗೆಯುವವರು, ಗಡ್ಡಿ ನೋಡಬೇಕೆಂಬ ಸಾಹೇಬರ ಭಾವಮೈದುನರು. ನಾಳೆ, ನಾಡಿದ್ದು ಎಂದು ರೋಗಿಗಳು ಆಸ್ಪತ್ರೆಯ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಬಿದ್ದಿದ್ದರು. ಒಬ್ಬ ಹೆಣ್ಣುಮಗಳು ಮೊಲೆಹಾಲಿನ ಕೂಸನ್ನು ಗಡ್ಡಿಯಲ್ಲಿ ಬಿಟ್ಟು ಬಂದು ನಲವತ್ತು ದಿನ ಕೂತಳು. ಆ ಮಳೆಗಾಲ ಮುಗಿಯುತ್ತ ಬಂದಾಗ ನೀರಲಗಡ್ಡಿಯ ಹೆಂಗಸರು ಮಿಡಚಿ ಇಳಿಯುವ ದಾರಿಗೆ ಅಡ್ಡ ಕೂತರು. ಮುಂದೆ ಕೂತವಳು ಅಮರಮ್ಮ.

ಅಮರಮ್ಮ ಗಡ್ಡಿಯ ಸೂಲಗಿತ್ತಿ. ಅಲ್ಲಿ ಮೂವತ್ತು ವರ್ಷದೊಳಗಿನವರೆಲ್ಲ ಅವಳ ಕೈಯಲ್ಲೇ ಹುಟ್ಟಿದವರು, ಹಾಗಾಗಿ ಎಲ್ಲರನ್ನೂ ಬೈಯುವ ಹಕ್ಕು ಅವಳಿಗಿತ್ತು. ಮಾತಾಡಲು ಬಂದ ಅಧಿಕಾರಿಗೆ ಅವಳು ಹೇಳಿದ್ದು ಇಷ್ಟು: "ಬರ್ತೀನಿ ಅಂತ ಮನಿಯಾಗ ಹೇಳಿ ಹತ್ತಿದವರ ಸೀಟು ಅವರದ. ಬಿಡಿಸೂದಾದ್ರ ಅವರ ಬಾಯಿಲೆ ಬಿಡಿಸ್ರಿ, ಇಲ್ಲಾಂದ್ರ ಅವರ ಮನಿಯವರ ಬಾಯಿಲೆ. ನಿಮ್ಮ ಕೈಯಾಗ ಗುಂಡಿ ಇರಬಾರದು. ಈ ಮೌಲಾನ ಕೈಯಾಗೂ ಇರಬಾರದು, ಅಂವ ಮೆತ್ತನ ಮನಷ್ಯ, ಯಾರರ ಜೋರ ಮಾಡಿದ್ರ ಒತ್ತಿಬಿಡ್ತಾನ."

ನಾನು ನಗುತ್ತ ಕೇಳಿದೆ, "ಮನಿಯವರ ಬಾಯಿಲೆ ಅಂತೀಯಲ್ಲ ಯವ್ವ, ಅತ್ತಿ ಸೊಸಿ ಜಗಳಾಡಿದ್ದ ದಿನ ಸೊಸಿ 'ಅಕಿ ಬರೂದ ಬ್ಯಾಡ' ಅಂದುಬಿಟ್ರ?"

"ಅದಕ್ಕೂ ಒಂದು ಉಪಾಯ ಮಾಡೋ ಶಾಣ್ಯಾ. ಎಂದಿನತನ ಬರಂಗಿಲ್ಲ ಅಂತ ತಿರುಗಿ ಕೇಳಸು. ಸಿಟ್ಟು ಅಷ್ಟರಾಗ ಇಳಿದಿರತೈತಿ."

ಅದೇ ನಿಯಮವಾಯಿತು: ಮನೆಯವರು ಬರುವುದಿಲ್ಲ ಎಂದರೆ, ಎಂದಿನವರೆಗೆ ಬರುವುದಿಲ್ಲ ಎಂದು ಮಿಡಚಿ ತಿರುಗಿ ಕೇಳಬೇಕು. ನಾಳೆ ಬರುತ್ತೇನೆಂದು ಮುಂದಕ್ಕೆ ಹಾಕುವುದಾದರೆ ಹೋದವರು ತಮ್ಮದೇ ದನಿಯಲ್ಲಿ ಹೇಳಬೇಕು. ಮನೆಯವರು ಮುಂದಕ್ಕೆ ಹಾಕುವಂತಿಲ್ಲ, ಯಾಕೆಂದರೆ ಮನೆಯವರನ್ನು ಹೆದರಿಸಿ ನಾಳೆ ನಾಳೆ ಎನ್ನಿಸುವುದು ಸುಲಭ. ಮನೆಯವರು ಸೀಟು ಬಿಟ್ಟರೆ ಪೂರ್ತಿ ಬಿಟ್ಟಂತೆ. ಇದನ್ನೆಲ್ಲ ಮಿಡಚಿಯ ತಲೆಗೆ ತುಂಬಿದವನು ನಾನು. ಚೆನ್ನಾಗಿ ಮಾಡಿದೆ ಎಂದು ಹೆಮ್ಮೆಯೂ ಇತ್ತು.

ಆದರೆ ಒಂದು ಬಿಟ್ಟುಹೋಯಿತು. ಬರ್ತೀನಿ ಎಂದು ಹೋದವರು ಸತ್ತರೆ ಏನು ಎಂಬುದನ್ನು ನಾನೂ ಬರೆಯಲಿಲ್ಲ, ಗಡ್ಡಿಯವರೂ ಕೇಳಲಿಲ್ಲ. ಹೊರಡುವ ಹೊತ್ತಿನಲ್ಲಿ ಸಾವಿನ ಮಾತು ಎತ್ತುವವರು ನಮ್ಮಲ್ಲಿ ಯಾರಿದ್ದಾರೆ.

ಮೂರನೆಯ ವರ್ಷ ಶ್ರಾವಣದಲ್ಲಿ ಅಮರಮ್ಮನಿಗೆ ಜ್ವರ ಬಂದು ಎದೆಗೆ ಇಳಿಯಿತು. ಸೊಸೆ ಹುಲಿಗೆಮ್ಮ ತುಂಬಿದ ಬಸುರಿ, ಚೊಚ್ಚಲು. ಮಗ ಗದ್ದೆಪ್ಪ ತಾಯಿಯನ್ನು ಎತ್ತಿ ತಂದು ಮಿಡಚಿಯಲ್ಲಿ ಕೂರಿಸಿದ. ಅವಳು ಆ ಉಬ್ಬಸದಲ್ಲೂ ಸೊಸೆಗೆ ಹೇಳಿದ್ದು ನನ್ನ ಕೋಣೆಯ ಸ್ಪೀಕರಿನಲ್ಲಿ ಕೇಳಿಸಿತು: "ನಾ ಬರೋತನ ಹಡೀಬ್ಯಾಡ ನೋಡು. ಬರ್ತೀನಿ."

ಆಸ್ಪತ್ರೆಗೆ ಬಂದ ನಾಲ್ಕನೆಯ ದಿನ ಬೆಳಿಗ್ಗೆ ತೀರಿಕೊಂಡಳು.

ಮಿಡಚಿಯಲ್ಲಿ ಹೆಣ ಮಲಗಿಸಲು ಜಾಗವಿಲ್ಲ. ಅಮರಮ್ಮನ ತವರಿನ ಕಡೆಯ ಅಣ್ಣ ಈಚೆ ದಡದ ಹಳ್ಳಿಯವನು, ಬಂದ. ಒಂದು ದಿನ ನೋಡಿದೆವು. ಹೊಳೆ ಇಳಿಯಲಿಲ್ಲ, ಏರಿತು. ಇಲ್ಲೇ ಮಣ್ಣು ಮಾಡಿದೆವು. ಮಣ್ಣು ಮಾಡಿ ಕೈ ತೊಳೆಯುವಾಗ ಆ ಅಣ್ಣ, ಬಂದ ಕೂಡಲೇ ಹೇಳಿದ್ದನ್ನು ಮತ್ತೆ ಹೇಳಿದ: "ಮೌಲಾಸಾಬ, ಹುಡುಗಿ ಹಡೆಯೋತನ ಬಾಯಿ ಬಿಡಬ್ಯಾಡ. ಗದ್ದೆಪ್ಪಗ ಹೇಳಿದ್ರ ಅಕಿಗೆ ಹೇಳಿದಂಗ. ಅಂವನ ಮಾರಿ ಕನ್ನಡಿ ಇದ್ದಂಗ."

ದೊಡ್ಡ ಡಾಕ್ಟರು ವಿಲಾಸಿನಿಯವರು ತುಮಕೂರು ಕಡೆಯವರು. ಅವರನ್ನೂ ಕೇಳಿದೆ. "ಒಂದು ವಾರದ ಮಾತು. ಹೆರಿಗೆ ಆಗಿಬಿಡಲಿ ಪಾಪ," ಎಂದರು. ಮನೆಗೆ ಬಂದು ಹೆಂಡತಿ ಖಾಜಾಬಿಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ಅಂದಳು, "ಬಸುರಿಗೆ ಸಾವಿನ ಸುದ್ದಿ ಹೇಳ್ತಾರೇನ್ರಿ. ಸುಳ್ಳು ನಿಮ್ಮ ಲೆಕ್ಕಕ್ಕ ಹಿಡಿಯೂದಿಲ್ಲ, ಹೇಳ್ರಿ." ಎಲ್ಲರೂ ಒಳ್ಳೆಯವರು. ಒಬ್ಬರಾದರೂ ಕೆಟ್ಟವರಿದ್ದು ಬೇಡ ಎಂದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿದೆ.

ಗಡ್ಡಿಯ ರೇಡಿಯೊ ಇರುವುದು ಅಮರಮ್ಮನ ಮನೆಯಲ್ಲೇ, ಸೂಲಗಿತ್ತಿಯ ಮನೆ ಎಂದು. ದಿನಾ ಬೆಳಿಗ್ಗೆ ಹತ್ತಕ್ಕೆ ನಾನು ನೀರಿನ ಮಟ್ಟ ಕೇಳಬೇಕು, ಅವರು ಹೇಳಬೇಕು. ಹುಲಿಗೆಮ್ಮ ಕೇಳುತ್ತಿದ್ದಳು, "ನಮ್ಮತ್ತಿ ಹೆಂಗದಾಳ್ರಿ ಯಣ್ಣ?" ನಾನು ಹೇಳುತ್ತಿದ್ದೆ, "ಆರಾಮ ಅದಾಳವ್ವ. ಬರ್ತಾಳ."

ಆ ರೇಡಿಯೊ ಮಾತನ್ನು ಮಿಡಚಿಯೂ ಕೇಳುತ್ತದೆ. ಜನರ ಮಾತು ಕೇಳಿ ಕೇಳಿಯೇ ಅದು ಕಲಿಯುವುದು. ಆಸ್ಪತ್ರೆಯ ಪಟ್ಟಿಯಿಂದ ಅಮರಮ್ಮನ ಹೆಸರು ಹೊರಗೆ ಹೋಗಿತ್ತು. ಗುಣವಾಗಿ ಹೋದರೂ ಸತ್ತು ಹೋದರೂ ಪಟ್ಟಿಯಲ್ಲಿ ಒಂದೇ ಪದ, 'ಹೊರಗೆ'. ಹಾಸಿಗೆ ಬಿಟ್ಟಿದ್ದಾಳೆ, ಬರ್ತೀನಿ ಎಂದಿದ್ದಾಳೆ, ಮೌಲಾಸಾಬನೂ ದಿನಾ ಬರ್ತಾಳೆ ಎನ್ನುತ್ತಿದ್ದಾನೆ. ಮಿಡಚಿ ಹಿಂದಿನ ಸೀಟನ್ನು ಅವಳಿಗೆ ಹಿಡಿಯಿತು. ನೀರಲಗಡ್ಡಿಗೆ ಹೊರಟಾಗಲೆಲ್ಲ ಹೇಳುತ್ತಿತ್ತು, "ಅಮರಮ್ಮ ಇನ್ನೂ ಬಂದಿಲ್ಲ. ಸೀಟು ಅಕಿದು ಐತಿ." ಆ ವಾರ ಹೋದದ್ದು ಮಾಸ್ತರ ಒಬ್ಬನೇ, ಇನ್ನೊಮ್ಮೆ ಔಷಧದ ಡಬ್ಬಿ. ಒಂದು ಸೀಟು ಸಾಕಾಗಿತ್ತು. ನನಗೆ ಗೊತ್ತಿತ್ತು, ಇರಲಿ ಎಂದು ಬಿಟ್ಟೆ. ನಿಜ ಹೇಳಬೇಕೆಂದರೆ, ಆ ಮಾತು ಕೇಳಲು ನನಗೆ ಹಿತವಾಗುತ್ತಿತ್ತು.

ಹೀಗೆ ಸುಳ್ಳು ಹೇಳತೊಡಗಿದ ಏಳನೆಯ ದಿನ ಹತ್ತು ಗಂಟೆಗೆ ರೇಡಿಯೊದಲ್ಲಿ ಹುಲಿಗೆಮ್ಮನ ದನಿ ಬರಲಿಲ್ಲ. ಪಕ್ಕದ ಮನೆಯ ದುರುಗಮ್ಮನ ದನಿ ಬಂತು.

"ಮೌಲಣ್ಣ, ಹುಲಿಗಿಗೆ ಬೆಳಗಿನ ಜಾವದಿಂದ ಬ್ಯಾನಿ. ಕೂಸಿನ ಕೈ ಹೊರಗ ಬಂದೈತಿ. ಬರೀ ಕೈ. ನನಗ ಏನೂ ತಿಳೀವಲ್ದು. ಅಮರಕ್ಕ ಇದ್ದಿದ್ರ..."

ನಾನು ಓಡಿಹೋಗಿ ವಿಲಾಸಿನಿಯವರನ್ನು ಕರೆತಂದೆ. ಅವರು ನಾಲ್ಕು ಪ್ರಶ್ನೆ ಕೇಳಿ ಮೈಕು ನನ್ನ ಕೈಗೆ ಕೊಟ್ಟರು. "ಮಗು ಅಡ್ಡ ಮಲಗಿದೆ. ತಾನಾಗಿ ಹೆರಿಗೆ ಆಗೋಲ್ಲ. ಹೊಟ್ಟೆ ಕೊಯ್ಯಬೇಕು, ಇಲ್ಲದಿದ್ದರೆ ಇಬ್ಬರೂ ಉಳಿಯೋಲ್ಲ. ಅವಳನ್ನ ಆ ಸೀಟಲ್ಲಿ ಕೂರಿಸಿ ತರೋಕೆ ಆಗಲ್ಲ. ನಾವೇ ಹೋಗಬೇಕು. ನಾನು, ಎಸ್ತರಮ್ಮ."

ಎಸ್ತರಮ್ಮ ಆಸ್ಪತ್ರೆಯ ಹಿರಿಯ ನರ್ಸು. ಅರಿವಳಿಕೆ ಕೊಡುವ ತರಬೇತಿ ಆದವಳು ಅವಳೊಬ್ಬಳೇ.

"ನೀವೊಬ್ರ ಹೋಗಾಕ ಆಗೂದಿಲ್ಲೇನ್ರಿ ಮೇಡಮ್ಮರ?"

"ನಾನು ಕೊಯ್ತಾ ಇರೋವಾಗ ಅವಳ ಉಸಿರು ಯಾರು ನೋಡ್ತಾರೆ ಮೌಲಾಸಾಬ್? ಅವಳಿಲ್ಲದೆ ನಾನು ಹೋದರೆ ಕೂತು ಅಳೋಕೆ ಹೋದ ಹಾಗೆ."

ಎರಡು ಸಲ ಹೋಗಿ ಬರಬಹುದಲ್ಲ ಎಂದರೆ, ಅದಕ್ಕೂ ಎಡೆಯಿರಲಿಲ್ಲ. ಮೇಲಿನ ಆಣೆಕಟ್ಟಿನಿಂದ ಬೆಳಿಗ್ಗೆ ನೀರು ಬಿಟ್ಟಿದ್ದರು. ಮಿಡಚಿ ಇಳಿಯುವ ದಾರಿಯಲ್ಲಿ ಗದ್ದೆಪ್ಪ ಹತ್ತು ಹತ್ತು ಹೆಜ್ಜೆಗೆ ಒಂದರಂತೆ ಗೂಟ ನೆಟ್ಟು, ಮುಳುಗಿದ ಗೂಟ ಎಣಿಸುತ್ತ ನಿಂತಿದ್ದ. ಅಲ್ಲಿನ ಕಂಬದ ಮೈಕಿನಿಂದ ಅವನ ದನಿಯೂ ಬರುತ್ತಿತ್ತು: "ಮೂರು ಮುಳುಗ್ಯಾವ್ರಿ. ನಾಲ್ಕನೇದರ ಬುಡಕ್ಕ ಬಂದೈತಿ." ದಾರಿ ಇದ್ದದ್ದೇ ಹದಿನೈದು ಗೂಟದಷ್ಟು ಉದ್ದ. ಹನ್ನೆರಡು ಉಳಿದರೆ ಇಳಿಯಬಹುದು. ಹದಿನೆಂಟು ನಿಮಿಷದ ಹಾದಿ. ಈಗ ಹೊರಟರೆ ಒಂದೇ ಒಂದು ಸಲ ಇಳಿಯಬಹುದು, ಅದೂ ಮಿಡಚಿಗೆ ಬೇಕಾದದ್ದಕ್ಕಿಂತ ಹತ್ತು ಹೆಜ್ಜೆ ಕಡಿಮೆ ನೆಲದಲ್ಲಿ. ತಿರುಗಿ ಏಳುವುದಂತೂ ಇಲ್ಲ. ಹೆಲಿಕಾಪ್ಟರಿಗೆ ಕೇಳಿದೆ; ಅದು ಬೇರೆ ಜಿಲ್ಲೆಯ ನೆರೆಗೆ ಹೋಗಿತ್ತು, ಮರುದಿನ ಬೆಳಿಗ್ಗೆ ಎಂದರು.

ಆಸ್ಪತ್ರೆಯ ಹಿಂದಿನ ಬಯಲಿಗೆ ಓಡಿದೆವು. ವಿಲಾಸಿನಿಯವರು ಮುಂದಿನ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು. ಹಿಂದಿನ ಸೀಟಿನಲ್ಲಿ ಎಸ್ತರಮ್ಮ. ಮಿಡಚಿ ಹೇಳಿತು, "ಮುಂದಿನದು ಸರಿ ಐತಿ. ಹಿಂದಿನ ಸೀಟು ಅಮರಮ್ಮಂದು. ಅಕಿ ಬರಲಿ, ಕಾಯ್ತೀನಿ."

ಇದು ಹೀಗಾಗುತ್ತದೆಂದು ನನಗೆ ಗೊತ್ತಿರಬೇಕಿತ್ತು.

ಎಸ್ತರಮ್ಮ ನನ್ನ ಮುಖ ನೋಡಿದಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು, ದನಿ ದಪ್ಪ ಮಾಡಿ, "ನಾನ ಅಮರಮ್ಮ. ಬಂದೀನಿ, ನಡಿ," ಎಂದಳು. ಬೇರೆ ದಿನವಾಗಿದ್ದರೆ ನಗುತ್ತಿದ್ದೆವು.

"ನೀವು ಎಸ್ತರಮ್ಮ ಸಿಸ್ಟರ್," ಎಂದಿತು ಮಿಡಚಿ. ದನಿ ಗುರುತು ಹಿಡಿಯುವುದನ್ನೂ ಕಲಿಸಿದ್ದೆ.

ಮೇಲಿನ ಆಫೀಸಿಗೆ ಫೋನು ಮಾಡಿದೆ. ಫೋನು ಎತ್ತಿದ ಹುಡುಗಿ ಪಾಪ ಒಳ್ಳೆಯವಳೇ. "ನಿಯಮ ತೆಗೆಯೋಕೆ ಇಬ್ಬರು ಸಹಿ ಹಾಕಬೇಕು ಸರ್. ಒಬ್ಬರು ಮೀಟಿಂಗಲ್ಲಿದ್ದಾರೆ. ನಾನೇ ಹೋಗಿ ಎಬ್ಬಿಸಿ ಕರ್ಕೊಂಡು ಬರ್ತೀನಿ, ಆದರೂ ಒಂದು ಗಂಟೆ ಹಿಡಿಯುತ್ತೆ," ಎಂದಳು. ನಮ್ಮ ಹತ್ತಿರ ಇದ್ದದ್ದು ಐದು ನಿಮಿಷ.

ಸೀಟಿನಿಂದಲೇ ವಿಲಾಸಿನಿಯವರು ಹೇಳಿದರು, "ಅವಳ ಮನೆಯವರ ಕೈಲಿ ಹೇಳಿಸಿ. ನಿಯಮ ಹಾಗೇ ಇದೆಯಲ್ಲ."

"ಮನಿಯವರಿಗೆ ಗೊತ್ತ ಇಲ್ಲಲ್ರಿ."

ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. "ಹೇಳಬೇಡಿ ಅಂತ ನಾನೂ ಅಂದಿದ್ದೆ. ಈಗ ಹೇಳಿ ಅಂತ ನಾನೇ ಅಂತಿದೀನಿ. ಬೇಗ."

ಯಾರಿಗೆ ಹೇಳುವುದು? ಗದ್ದೆಪ್ಪ ಗೂಟದ ಹತ್ತಿರ ಇದ್ದ. ಅಲ್ಲಿರುವ ಕಂಬದ ಮೈಕು ನೀರಿನ ಸುದ್ದಿ ಕೂಗುವುದಕ್ಕಷ್ಟೇ. ಹೊಳೆಯ ಸದ್ದಿನಲ್ಲಿ ಅಲ್ಲಿ ದನಿಯ ಗುರುತು ಸಿಗುವುದಿಲ್ಲ, ಯಾರೋ ಕಂಬದ ಬುಡದಲ್ಲಿ ನಿಂತು ಕೂಗಿದ್ದನ್ನು ಮನೆಯ ಮಾತೆಂದು ಮಿಡಚಿ ಒಪ್ಪುವುದಿಲ್ಲ. ಅವನು ಮನೆಗೆ ಓಡಿ ಬರಲು ಹತ್ತು ನಿಮಿಷ. ದುರುಗಮ್ಮ ಮನೆಯವಳಲ್ಲ. ರೇಡಿಯೊದ ಮುಂದೆ ಇದ್ದ ಮನೆಯವಳು ಒಬ್ಬಳೇ, ಆ ಸುದ್ದಿಯನ್ನು ಯಾರಿಂದ ಮುಚ್ಚಿಟ್ಟಿದ್ದೆವೋ ಅವಳು.

ಕೋಣೆಗೆ ಓಡಿ ಬಂದು ದುರುಗಮ್ಮನಿಗೆ ಮೈಕು ಹುಲಿಗೆಮ್ಮನ ಬಾಯಿಯ ಹತ್ತಿರ ಹಿಡಿಯಲು ಹೇಳಿದೆ. ಉಸಿರಿನ ಸದ್ದು ಬಂತು.

"ಹುಲಿಗವ್ವ, ನಾನು ಮೌಲಣ್ಣ."

"ಹೇಳ್ರಿ."

"ಡಾಕ್ಟರಮ್ಮ ಬರಾಕ ತಯಾರಾಗಿ ಕುಂತಾರ. ಇಬ್ಬರು ಬರಬೇಕಂತ. ಒಂದ ಸೀಟು ಖಾಲಿ ಐತಿ. ಇನ್ನೊಂದು ನಿಮ್ಮತ್ತಿದು."

ಒಂದು ಬೇನೆ ಬಂದು ಹೋಯಿತು. ಹಲ್ಲು ಕಚ್ಚಿ ತಡೆದುಕೊಳ್ಳುವ ಸದ್ದು, ದುರುಗಮ್ಮ 'ತಡಕೋ ನನ್ನವ್ವ' ಎನ್ನುವುದು. ಆಮೇಲೆ ಹುಲಿಗೆಮ್ಮ ಅಂದಳು:

"ಅತ್ತಿ ಬರಂಗಿಲ್ಲ ಅಂತ ನಾ ಹೇಳಬೇಕೇನು?"

ನಾನು ಮೈಕಿನ ಗುಂಡಿ ಒತ್ತಿ, ಬಿಟ್ಟೆ.

"ಯಾಕ ಸುಮ್ನಾದ್ರಿ ಯಣ್ಣ. ನನಗ ಗೊತ್ತೈತಿ."

"ಯಾರು ಹೇಳಿದ್ರವ್ವ?"

"ಯಾರ ಹೇಳಬೇಕು. ನಮ್ಮತ್ತಿ ಆರಾಮ ಇದ್ದಿದ್ರ ನಿಮ್ಮ ಕೈಯಾಗಿನ ಮೈಕು ಕಸಗೊಂಡು ನನ್ನ ಬೈತಿದ್ಲು. ಉಪ್ಪು ಕಡಿಮಿ ತಿನ್ನು, ಬಗ್ಗಿ ಕಸಾ ಹೊಡಿ, ಅಂತ. ಆರು ದಿನ ಆತು, ಒಂದು ಬೈಗಳ ಬರಲಿಲ್ಲ. ನೀವು ದಿನಾ ಅದ ಒಂದು ಮಾತು ಹೇಳಿದ್ರಿ." ಉಸಿರು ತೆಗೆದುಕೊಂಡಳು. "ಅವರಿಗೆ ಹೇಳಿಲ್ಲ ನಾನು. ಅವರು ಹೊಳಿ ನೋಡಬೇಕು, ನನ್ನ ನೋಡಬೇಕು. ಹಡದ ಮ್ಯಾಲೆ ಹೇಳೂನು ಅಂತ ಇದ್ದೆ."

ಆರು ದಿನ ಅವಳು ನನಗೆ ತಿಳಿಯದಂತೆ ನನ್ನ ಸುಳ್ಳನ್ನು ಕೇಳಿಸಿಕೊಂಡಿದ್ದಳು. ನಾನು ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ಗಂಡನನ್ನು ಕಾಪಾಡುತ್ತಿದ್ದಳು, ಬಹುಶಃ ನನ್ನನ್ನೂ.

ಮಿಡಚಿ ನಡುವೆ ಬಾಯಿ ಹಾಕಿತು. "ಅಮರಮ್ಮನ ಸೀಟಿನ ಮಾತು ನಡದೈತಿ. ಮಾತಾಡೂರು ಯಾರು?"

"ಅಕಿ ಸೊಸಿ. ಹುಲಿಗೆಮ್ಮ."

"ಅಮರಮ್ಮ ಬರ್ತೀನಿ ಅಂದಾಳ."

"ಬರಂಗಿಲ್ಲ."

"ಎಂದಿನತನ ಬರಂಗಿಲ್ಲ?"

ಈ ಪ್ರಶ್ನೆಯನ್ನು ನಾನು ನನ್ನ ಕೈಯಾರೆ ಬರೆದಿದ್ದೆ. ಸಿಟ್ಟು ಇಳಿಯಲಿ ಎಂದು, ಒಂದೊಂದೇ ಪದ ನಿಧಾನವಾಗಿ ಕೇಳುವಂತೆ ಮಾಡಿದ್ದೆ. ಅದನ್ನು ಆ ಹೊತ್ತಿನಲ್ಲಿ, ಆ ದನಿಯಲ್ಲಿ ಕೇಳಿಸಿಕೊಂಡು ಸ್ಪೀಕರಿನ ತಂತಿ ಕಿತ್ತುಬಿಡೋಣ ಎನ್ನಿಸಿತು. ಕಿತ್ತರೆ ಎಲ್ಲ ಮುಗಿಯುತ್ತಿತ್ತು. ಕೈ ಕಟ್ಟಿಕೊಂಡು ನಿಂತೆ.

ಹುಲಿಗೆಮ್ಮ ಅತ್ತಳು. ಬೇನೆಗೆ ಅಳುವುದು ಬೇರೆ, ಇದು ಬೇರೆ, ಎರಡೂ ಗೊತ್ತಾಗುತ್ತದೆ. ಬಾಗಿಲಲ್ಲಿ ಆಸ್ಪತ್ರೆಯ ಆಯಾ ಇಬ್ಬರು ಬಂದು ನಿಂತಿದ್ದರು, ಅವರೂ ಸೆರಗು ಬಾಯಿಗಿಟ್ಟುಕೊಂಡರು. ಆರು ದಿನ ಅವಳು ಗೊತ್ತಿದ್ದೂ ಅಳದೆ ಇದ್ದಳು. ಬಾಯಿಂದ ಒಮ್ಮೆ ಹೇಳಿದರೆ ಅದು ಆಗಿಯೇ ಹೋಗುತ್ತದೆ, ಅಲ್ಲಿಯವರೆಗೆ ಇನ್ನೂ ಏನೋ ಉಳಿದಿರುತ್ತದೆ.

"ಎಂದೂ ಬರಂಗಿಲ್ಲ," ಎಂದಳು. "ಸೀಟು ಬಿಡು."

"ಬಿಟ್ಟೀನಿ," ಎಂದಿತು ಮಿಡಚಿ.

ಹೊರಗೆ ಇಂಜಿನ್ನಿನ ಸದ್ದು ಎದ್ದಿತು. ಕಿಟಕಿಯಿಂದ ನೋಡಿದಾಗ ಬಯಲಿನ ಕೊನೆಯಲ್ಲಿ ಮೇಲೇರಿ, ಹೊಳೆಯ ಕಡೆ ಬಾಗಿತ್ತು.

ನಾನು ಮರೆತದ್ದು ಇನ್ನೊಂದಿತ್ತು. ಗಡ್ಡಿಗೆ ಹೊರಟಾಗ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಮಿಡಚಿ ಇಳಿಯುವ ದಾರಿಯ ಕಂಬಕ್ಕೆ ಹೇಳುತ್ತದೆ. ಅಲ್ಲಿನ ಸ್ಪೀಕರು ಕೂಗುತ್ತದೆ. ನೀರಿನಲ್ಲಿ ಗೂಟ ಎಣಿಸುತ್ತಿದ್ದ ಗದ್ದೆಪ್ಪ ತನ್ನ ತಾಯಿಯ ಸುದ್ದಿ ಕೇಳಿದ್ದು ಹಾಗೆ: "ಡಾಕ್ಟರ್ ವಿಲಾಸಿನಿ ಬರ್ತಾರ. ಎಸ್ತರಮ್ಮ ಸಿಸ್ಟರ್ ಬರ್ತಾರ. ಅಮರಮ್ಮ ಎಂದೂ ಬರಂಗಿಲ್ಲ."

ಆಮೇಲೆ ಆದದ್ದನ್ನು ಎಸ್ತರಮ್ಮ ನನಗೆ ಹೇಳಿದಳು. ಮೇಲಿನಿಂದ ನೋಡಿದರೆ ದಾರಿಯ ಒಂದು ತುದಿ ಹೊಳೆಯೇ ಆಗಿಹೋಗಿತ್ತಂತೆ. ಎಲ್ಲಿಂದ ನೆಲ ಶುರು ಎಂದು ತಿಳಿಯಲು ಒಂದೇ ಗುರುತು ಗದ್ದೆಪ್ಪ. ಮೊಣಕಾಲು ನೀರಿನಲ್ಲಿ, ಒಣ ನೆಲದ ಮೊದಲ ಗೂಟದ ಹತ್ತಿರ, ಕೆಂಪು ಟವೆಲ್ಲು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ. ಮಿಡಚಿ ಅವನ ತಲೆಯ ಮೇಲೆ ಹಾದು, ಕುಪ್ಪಳಿಸಿ, ಕೆಸರಿನಲ್ಲಿ ಸೊಟ್ಟ ಜಾರಿ ನಿಂತಿತು. ಅವನು ಓಡಿಬಂದು ಡಾಕ್ಟರ ಚೀಲ ತಲೆಯ ಮೇಲಿಟ್ಟುಕೊಂಡು, "ಇತ್ತಾಗ ಬರ್ರಿ," ಎಂದ. ಅಷ್ಟೇ ಮಾತು.

ಊರಿನ ಇಪ್ಪತ್ತು ಜನ ಸೇರಿ ಮಿಡಚಿಯನ್ನು ಕೈಯಲ್ಲೇ ಎತ್ತಿಕೊಂಡು ಹೋಗಿ ಶಾಲೆಯ ದಿಬ್ಬದ ಮೇಲೆ ಹಗ್ಗ ಹಾಕಿ ಕಟ್ಟಿದರು. ಅದು ಅಷ್ಟು ಹಗುರ. ಅಷ್ಟರಲ್ಲಿ ಅಮರಮ್ಮನ ಮನೆಯ ಪಡಸಾಲೆಯಲ್ಲಿ, ಶಾಲೆಯಿಂದ ತಂದ ಮೇಜಿನ ಮೇಲೆ, ಆಪರೇಷನ್ನು ಮುಗಿಯುತ್ತ ಬಂದಿತ್ತು. ಹೆಣ್ಣು ಕೂಸು. ಮೊದಲು ಅಳಲಿಲ್ಲ, ಎಸ್ತರಮ್ಮ ಬೆನ್ನು ಉಜ್ಜಿ ಉಜ್ಜಿ ಅಳಿಸಿದಳು. ಹುಲಿಗೆಮ್ಮನಿಗೆ ರಕ್ತ ಬಹಳ ಹೋಗಿತ್ತು. ಎರಡು ದಿನ ಏನೂ ಹೇಳುವ ಹಾಗಿರಲಿಲ್ಲ. ಮೂರನೆಯ ದಿನ ಗಂಜಿ ಕೇಳಿದಳು. ಅವಳು ಗಂಜಿ ಕುಡಿದ ಮೇಲೆ ಗದ್ದೆಪ್ಪ ಹೊರಗೆ ಬಂದು ವಿಲಾಸಿನಿಯವರನ್ನು ಕೇಳಿದ, "ನಮ್ಮವ್ವನ ಮಣ್ಣು ಎಲ್ಲಿ ಮಾಡೀರಿ?"

ಹೊಳೆ ಇಳಿಯಲು ಹದಿನೇಳು ದಿನ ಹಿಡಿಯಿತು. ಇಳಿದ ಮೇಲೆ ಮೇಲಿನ ಆಫೀಸಿನಿಂದ ಮೂವರು ಬಂದರು, ನೀರಲಗಡ್ಡಿಯ ಶಾಲೆಯಲ್ಲಿ ಸಭೆ ಮಾಡಿದರು. ಇನ್ನು ಮೇಲೆ ನಿಯಂತ್ರಣ ಕೋಣೆಯಲ್ಲಿ ಒಂದು ಗುಂಡಿ ಇಡುತ್ತೇವೆ, ಆಪತ್ತು ಬಂದಾಗ ಮೌಲಾಸಾಬರು ಒತ್ತಲಿ ಎಂದರು. ಗಡ್ಡಿಯವರು ಒಪ್ಪುತ್ತಾರೆಂದು ನಾನು ತಿಳಿದಿದ್ದೆ. ಒಪ್ಪಲಿಲ್ಲ. ದುರುಗಮ್ಮ ಎದ್ದು ನಿಂತು ಹೇಳಿದಳು, "ಗುಂಡಿ ಬ್ಯಾಡ. ಅಮರಕ್ಕ ಬ್ಯಾಡ ಅಂದಿದ್ಲು. ಸೀಟಿನ ನಿಯಮ ತಪ್ಪಿಲ್ಲ. ತಪ್ಪಿದ್ದು ಎಲ್ಲಿ ಅಂತ ಮೌಲಣ್ಣಗ ಗೊತ್ತೈತಿ."

ಎಲ್ಲರೂ ನನ್ನ ಕಡೆ ನೋಡಿದರು. ಬೈದಿದ್ದರೆ ಸುಲಭವಾಗುತ್ತಿತ್ತು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದ ಹುಲಿಗೆಮ್ಮ, ಯಾರನ್ನೂ ನೋಡದೆ, "ಸುದ್ದಿ ಯಾವುದರ ಇರಲಿ, ಅವತ್ತಿಂದು ಅವತ್ತ ಹೇಳಬೇಕು. ಬಸುರಿ ಇರಲಿ, ಮುದುಕಿ ಇರಲಿ. ಅದನ್ನ ಬರಕೋರಿ," ಎಂದಳು. ಬಂದವರು ಬರೆದುಕೊಂಡರು. ನಿಯಮದ ಪುಸ್ತಕದಲ್ಲಿ ಅದಕ್ಕೂ ಒಂದು ನಂಬರು ಬಿದ್ದಿದೆ.

ಆ ವಾರವೇ ಗದ್ದೆಪ್ಪ ಈಚೆ ದಡಕ್ಕೆ ಬಂದ. ನಾನು ಅವನನ್ನು ಮಣ್ಣು ಮಾಡಿದ ಜಾಗಕ್ಕೆ ಕರೆದುಕೊಂಡು ಹೋದೆ. ಊರಾಚೆಯ ಹೊಲದ ಬದು, ಒಂದು ಬನ್ನಿ ಗಿಡ. ಮಳೆಗೆ ಮಣ್ಣು ಕುಸಿದು ಒಂದು ಕಡೆ ಗುಳಿ ಬಿದ್ದಿತ್ತು. ಅವನು ಅಂಗಿ ತೆಗೆದಿಟ್ಟು, ಸುತ್ತಲಿನ ಮಣ್ಣು ಬಾಚಿ ಬಾಚಿ ಗುಳಿ ತುಂಬಿದ. ತಟ್ಟಿ ತಟ್ಟಿ ಸಮ ಮಾಡಿದ. ಆಮೇಲೆ ಅಲ್ಲೇ ಕೂತು ಕೇಳಿದ:

"ಕಡೀಗೆ ಏನರ ಅಂದ್ಲೇನು?"

ಒಂದು ಮಾತು ಕಟ್ಟಿ ಹೇಳುವುದು ನನಗೆ ಕಷ್ಟವಿರಲಿಲ್ಲ. ನಿನ್ನ ಹೆಸರು ಕರೆದಳು ಎನ್ನಬಹುದಿತ್ತು. ಮೊಮ್ಮಗುವಿನ ಮಾತೆತ್ತಿದಳು ಎನ್ನಬಹುದಿತ್ತು. ಕೇಳಿ ಅವನು ಅಳುತ್ತಿದ್ದ, ಹಗುರಾಗುತ್ತಿದ್ದ, ಜೀವಮಾನವೆಲ್ಲ ಆ ಮಾತನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಬಾಯಿಯ ತುದಿಗೆ ಬಂದಿತ್ತು.

"ಏನೂ ಅನ್ನಲಿಲ್ಲ ಗದ್ದೆಪ್ಪ," ಎಂದೆ. "ಕಡೀ ಎರಡು ದಿನ ಎಚ್ಚರ ಇರಲಿಲ್ಲ. ಬೆಳಿಗ್ಗೆ ನಾ ಹೋಗೂದರಾಗ ಉಸಿರು ನಿಂತಿತ್ತು. ಹತ್ತರ ಯಾರೂ ಇದ್ದಿಲ್ಲ."

ಅವನು ಉಗುರಿನ ಸಂದಿಯ ಮಣ್ಣನ್ನು ಒಂದೊಂದೇ ಬೆರಳಿನಿಂದ ತೆಗೆದ. ನಾನು ಹೋಗುವುದೋ ನಿಲ್ಲುವುದೋ ತಿಳಿಯದೆ ನಿಂತೇ ಇದ್ದೆ.

"ನಿಂತೀರ್ಯಾಕ," ಎಂದ ಗದ್ದೆಪ್ಪ, ತಲೆ ಎತ್ತದೆ. ಪಕ್ಕದ ನೆಲದ ಮೇಲಿನ ಹೆಂಟೆಗಳನ್ನು ಕೈಯಿಂದ ಸರಿಸಿ ಜಾಗ ಮಾಡಿದ. "ಕುಂದರ್ರಿ."